ಬ್ಯಾಂಡಿನವರೆಲ್ಲ ಸ್ಟೇಜ್ ಮೇಲೆ ಒಂದೇ ತರ ಬಟ್ಟೆ ಹಾಕಬೇಕಾ? ನಮ್ಮಲ್ಲಿ ಜಗಳ ಶುರುವಾಗಿದೆ

ಗಿಟಾರ್_ಮೈಸೂರು:

ನಮಸ್ಕಾರ. ನಮ್ಮದು ಮೈಸೂರಿನ ಚಿಕ್ಕ ಬ್ಯಾಂಡು, ಏಳು ಜನ ಇದ್ದೇವೆ. ನಾನು ಗಿಟಾರ್ ನುಡಿಸಿಕೊಂಡು ಹಾಡುತ್ತೇನೆ, ಜೊತೆಗೆ ಹಾಡುವ ಹುಡುಗಿ ಒಬ್ಬಳು, ಬೇಸ್, ಡ್ರಮ್ಸ್, ಕೀಬೋರ್ಡ್, ಕೊಳಲು, ಮತ್ತೆ ತಬಲಾ, ಖಂಜಿರ ಎಲ್ಲ ನೋಡಿಕೊಳ್ಳುವ ಒಬ್ಬ. ಶರೀಫರ ತತ್ವಪದ, ಒಂದಷ್ಟು ಜನಪದ, ನಾವೇ ಕಟ್ಟಿದ ಐದಾರು ಹಾಡು, ಇಷ್ಟು ನಮ್ಮ ಸರಕು. ಕಾಲೇಜ್ ಫೆಸ್ಟ್, ಗಣೇಶನ ಪೆಂಡಾಲ್, ರಾಜ್ಯೋತ್ಸವ, ಕರೆದರೆ ಮದುವೆ ರಿಸೆಪ್ಷನ್ನೂ ಮಾಡುತ್ತೇವೆ.

ಹೋದ ತಿಂಗಳ ಕಾರ್ಯಕ್ರಮದ ವಿಡಿಯೋ ಸ್ನೇಹಿತನೊಬ್ಬ ಕಳಿಸಿದ. ಕಣ್ಣು ಮುಚ್ಚಿ ಕೇಳಿದರೆ ಪರವಾಗಿಲ್ಲ ಅನ್ನಿಸುತ್ತದೆ. ಕಣ್ಣು ಬಿಟ್ಟರೆ ಕಷ್ಟ. ಡ್ರಮ್ಸ್‌ನವನು ಫುಟ್‌ಬಾಲ್ ಜೆರ್ಸಿ, ಕೆಳಗೆ ಚಡ್ಡಿ. ಕೊಳಲಿನವನು ಮದುಮಗನ ಹಾಗೆ ರೇಷ್ಮೆ ಜುಬ್ಬಾ. ಕೀಬೋರ್ಡಿನವನು ಆಫೀಸಿಂದ ನೇರ ಬಂದಿದ್ದ, ಕೊರಳಲ್ಲಿ ಐಡಿ ಕಾರ್ಡ್ ಮೂರನೇ ಹಾಡಿನವರೆಗೂ ನೇತಾಡುತ್ತಲೇ ಇದೆ, ನಾವು ಯಾರೂ ನೋಡೇ ಇಲ್ಲ. ನಾನು ಚೆಕ್ಸ್ ಶರ್ಟು. ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿದವರನ್ನ ಕರೆದುಕೊಂಡು ಬಂದು ಸಾಲಾಗಿ ನಿಲ್ಲಿಸಿದ ಹಾಗಿತ್ತು.

ಅವತ್ತಿಂದ ಜಗಳ. ಹಾಡುವ ಹುಡುಗಿ ಎಲ್ಲರಿಗೂ ಗುಳೇದಗುಡ್ಡ ಖಣದ ವೇಸ್ಟ್‌ಕೋಟ್ ಹೊಲಿಸೋಣ ಅನ್ನುತ್ತಾಳೆ. ಕೊಳಲಿನವನಿಗೆ ಬಿಳಿ ಪಂಚೆ, ಬಿಳಿ ಜುಬ್ಬಾ ಆಗಬೇಕು. ಬೇಸ್‌ನವನು ಡೊಳ್ಳಿನವರ ತರ ಕರಿ ಕಂಬಳಿ, ಇಲ್ಲ ಅಂದ್ರೆ ಕಂಸಾಳೆಯವರ ವೇಷ, ಸಕ್ಕತ್ತಾಗಿರುತ್ತೆ ಅಂತಾನೆ. ಡ್ರಮ್ಸ್‌ನವನದ್ದು ಒಂದೇ ಮಾತು, "ಯೂನಿಫಾರಂ ಹಾಕೋದು ಹತ್ತನೇ ಕ್ಲಾಸಿಗೇ ಮುಗೀತು ಗುರು." ಟೈಲರ್ ಹತ್ತಿರ ಕೇಳಿದೆ, ಬಟ್ಟೆ ಹೊಲಿಗೆ ಸೇರಿ ಒಬ್ಬರಿಗೆ 2,500 ಅಂದ. ಏಳು ಜನಕ್ಕೆ 17,500. ನಮ್ಮ ಎರಡು ಪ್ರೋಗ್ರಾಂ ದುಡ್ಡು ಅದು.

ಅನುಭವ ಇರುವವರು ಹೇಳಿ. ಇದರಿಂದ ನಿಜವಾಗಲೂ ಏನಾದರೂ ಆಗುತ್ತಾ, ಇಲ್ಲ ಸುಮ್ನೆ ಖರ್ಚಾ?

ಹಳೇ_ರಸಮಂಜರಿ:

ತಮ್ಮಾ, ನಿನ್ನ ಪ್ರಶ್ನೆ ಓದಿ ಮೂವತ್ತು ವರ್ಷ ಹಿಂದಕ್ಕೆ ಹೋದೆ. ನಾನು ದಾವಣಗೆರೆ ಕಡೆಯವನು, ತೊಂಬತ್ತರ ದಶಕದಲ್ಲಿ ಒಂದು ಆರ್ಕೆಸ್ಟ್ರಾದಲ್ಲಿ ರಿದಂ ಪ್ಯಾಡ್ ಬಾರಿಸುತ್ತಿದ್ದೆ. ಗಣೇಶನ ಹಬ್ಬ ಬಂತು ಅಂದ್ರೆ ದಿನಾ ಒಂದೂರು, ರಾತ್ರಿ ರಸಮಂಜರಿ, ಬೆಳಿಗ್ಗೆ ವ್ಯಾನಲ್ಲಿ ನಿದ್ದೆ. ಆಗ ನಮಗೆ ಸ್ಯಾಟಿನ್ ಶರ್ಟು, ರೋಸ್ ಕಲರ್, ಕಾಲರಿಗೆ ಜರಿ. ನೋಡೋಕೆ ಭಾರಿ ಇತ್ತು. ಒಂದು ಸಲ ಹರಿಹರದ ಹತ್ತಿರ ಒಂದು ಹಳ್ಳಿಯಲ್ಲಿ ಮಳೆ ಬಂತು, ಶಾಮಿಯಾನ ಸೋರಿ ಶರ್ಟಿನ ಬಣ್ಣ ಎಲ್ಲ ಪ್ಯಾಂಟಿಗೆ ಇಳಿಯಿತು. ಅದು ಬಿಳಿ ಪ್ಯಾಂಟು. ಆಮೇಲಿನದ್ದು ನೀನೇ ಊಹಿಸಿಕೋ.

ಅದಾದ ಮೇಲೆ ಮಾಲೀಕರು ಮರೂನ್ ವೇಸ್ಟ್‌ಕೋಟ್, ಕಪ್ಪು ಬೋ ಕೊಡಿಸಿದರು. ಕೊಡಿಸಿದರು ಅಂದ್ರೆ ನಮ್ಮ ದುಡ್ಡಲ್ಲೇ, ಪ್ರೋಗ್ರಾಮಿಗೆ ಇಷ್ಟು ಅಂತ ಹಿಡಿದುಕೊಂಡರು. ಮೊದಲ ಪ್ರೋಗ್ರಾಂ ಒಂದು ಕಲ್ಯಾಣ ಮಂಟಪದಲ್ಲಿ ರಿಸೆಪ್ಷನ್. ಮಧ್ಯೆ ಹತ್ತು ನಿಮಿಷ ಬ್ರೇಕ್ ಸಿಕ್ಕಿತು, ನೀರು ಕುಡಿಯೋಣ ಅಂತ ಊಟದ ಹಾಲಿಗೆ ಹೋದೆ. ಒಬ್ಬ ಯಜಮಾನರು ಎಲೆ ಮುಂದೆ ಕೂತವರು ಕೈ ಎತ್ತಿ ಕರೆದು, "ಏನಪ್ಪಾ, ಈ ಸಾಲಿಗೆ ಹೋಳಿಗೆನೇ ಬರಲಿಲ್ವಲ್ಲ" ಅಂದರು. ತಿರುಗಿ ನೋಡಿದರೆ ಬಡಿಸುವ ಹುಡುಗರಿಗೂ ಅದೇ ಮರೂನ್ ವೇಸ್ಟ್‌ಕೋಟ್, ಅದೇ ಬೋ. ನಾನೇನು ಮಾಡಲಿ? ಹೋಳಿಗೆ ಬುಟ್ಟಿ ತಗೊಂಡು ಆ ಸಾಲಿಗೆ ಬಡಿಸಿದೆ, ತುಪ್ಪ ಕೂಡ ಹಾಕಿದೆ. ಆಮೇಲೆ ಸ್ಟೇಜ್ ಹತ್ತಿ ಪ್ಯಾಡ್ ಮುಂದೆ ಕೂತಾಗ ಆ ಯಜಮಾನರು ಕೆಳಗಿನಿಂದ ನನ್ನನ್ನೇ ನೋಡುತ್ತಾ ಇದ್ದರು.

ಆದರೂ ಒಂದು ಮಾತು ಹೇಳುತ್ತೇನೆ. ಆ ಬಟ್ಟೆ ಹಾಕಿದ ಕೂಡಲೇ ನಮ್ಮಲ್ಲಿ ಏನೋ ಬದಲಾಗುತ್ತಿತ್ತು. ವ್ಯಾನಲ್ಲಿ ಲುಂಗಿ ಉಟ್ಟುಕೊಂಡು ಇಸ್ಪೀಟ್ ಆಡುತ್ತಿದ್ದವರು, ಗುಂಡಿ ಹಾಕಿಕೊಂಡ ಮೇಲೆ ಸ್ಟೇಜ್ ಮೇಲೆ ಬೀಡಿ ಸೇದುತ್ತಿರಲಿಲ್ಲ, ಹಾಡಿನ ಮಧ್ಯೆ ಎದ್ದು ಓಡಾಡುತ್ತಿರಲಿಲ್ಲ. ಸಮಿತಿಯವರೂ ಅಷ್ಟೇ. ಮುಂಚೆ "ಏಯ್ ಆರ್ಕೆಸ್ಟ್ರಾದವ್ರೇ" ಅನ್ನುತ್ತಿದ್ದವರು ಆಮೇಲೆ "ಕಲಾವಿದರಿಗೆ ಟೀ ಕೊಡ್ರಪ್ಪಾ" ಅನ್ನೋಕೆ ಶುರು ಮಾಡಿದರು. ಬಟ್ಟೆಗೆ ಅಷ್ಟು ಬೆಲೆ ಇದೆ. ಬೋ ಮಾತ್ರ ಬೇಡ.

ಮೆಟಲ್_ಮಂಜ:

ಹಾಡು ಚೆನ್ನಾಗಿದ್ರೆ ಗೋಣಿಚೀಲ ಸುತ್ತಿಕೊಂಡು ಬಂದ್ರೂ ಜನ ಕೇಳ್ತಾರೆ. ಹಾಡು ಚೆನ್ನಾಗಿಲ್ಲ ಅಂದ್ರೆ ಸೂಟ್ ಹಾಕಿದ್ರೂ ಎದ್ದು ಹೋಗ್ತಾರೆ. ಆ 17,500ಕ್ಕೆ ಒಳ್ಳೆ ಮೈಕ್ ತಗೊಳ್ಳಿ. ಮುಗೀತು.

ಬೆಳ್ಳಿತಟ್ಟೆ_ಬೆಂಗಳೂರು:

ಮಂಜಣ್ಣ, ನಿಮ್ಮ ಹೆಸರಲ್ಲೇ ಮೆಟಲ್ ಇದೆ. ಕಪ್ಪು ಟೀ ಶರ್ಟು, ಕಿತ್ತೋದ ಡೆನಿಮ್ಮು, ಉದ್ದ ಕೂದಲು, ಇದೆಲ್ಲ ಯೂನಿಫಾರಂ ಅಲ್ವಾ? ಮೆಟಲ್ ಪ್ರೋಗ್ರಾಮಿಗೆ ಹಳದಿ ಶರ್ಟ್ ಹಾಕಿಕೊಂಡು ಹೋಗಿ ನೋಡಿ, ಕೇಳೋಕೆ ಬಂದವರೇ ನಿಮ್ಮನ್ನ ವಿಚಿತ್ರವಾಗಿ ನೋಡುತ್ತಾರೆ. ಯಾರೂ ಹೇಳಿಕೊಡದೆ ತಾನಾಗೇ ಬಂದ ಯೂನಿಫಾರಂ, ಅಷ್ಟೇ ವ್ಯತ್ಯಾಸ. ನಾಲ್ಕು ಜನ ಲೆದರ್ ಜಾಕೆಟ್, ಹರಿದ ಜೀನ್ಸ್ ಹಾಕಿ, ಸಾಲದ್ದಕ್ಕೆ ಎಲ್ಲರೂ ರಾಮೋನ್ ಅಂತ ಅಡ್ಡಹೆಸರೂ ಇಟ್ಟುಕೊಂಡ ರಾಮೋನ್ಸ್ ಬ್ಯಾಂಡನ್ನ ನೋಡಿ. ಅದನ್ನ ಯಾರೂ ಯೂನಿಫಾರಂ ಅನ್ನಲ್ಲ.

ಪ್ರಶ್ನೆ ಕೇಳಿದವರಿಗೆ: ಈ ಜಗಳ ಹಳೇದು. ಇಂಗ್ಲೆಂಡಿನ ಬೀಟಲ್ಸ್ ಬ್ಯಾಂಡಿನ ಹುಡುಗರು ಜರ್ಮನಿಯ ಹ್ಯಾಂಬರ್ಗಿನ ಕ್ಲಬ್ಬುಗಳಲ್ಲಿ ಲೆದರ್ ಹಾಕಿಕೊಂಡು, ಸ್ಟೇಜ್ ಮೇಲೇ ತಿಂದು ಸಿಗರೇಟ್ ಸೇದುತ್ತಾ ನುಡಿಸುತ್ತಿದ್ದವರು. ಬ್ರಯಾನ್ ಎಪ್‌ಸ್ಟೀನ್ ಮ್ಯಾನೇಜರ್ ಆಗಿ ಬಂದ ಮೇಲೆ 1962ರಲ್ಲಿ ಸೂಟ್ ಹಾಕಿಸಿದ. ಹಾಡು ಮುಗಿದ ಮೇಲೆ ಎಲ್ಲರೂ ಒಟ್ಟಿಗೆ ಬಗ್ಗಿ ನಮಸ್ಕಾರ ಮಾಡೋದನ್ನೂ ಅವನೇ ಅಭ್ಯಾಸ ಮಾಡಿಸಿದ್ದು. ಅವರಲ್ಲೊಬ್ಬ ಜಾನ್ ಲೆನನ್‌ಗೆ ಆ ಸೂಟಿನ ಬಗ್ಗೆ ಕೊನೆವರೆಗೂ ಒಂದು ಕೊರಗು ಇತ್ತು, ನಾವು ಮಾರಿಕೊಂಡೆವು ಅನ್ನೋ ತರ. ಮರುವರ್ಷ ರೋಲಿಂಗ್ ಸ್ಟೋನ್ಸ್ ಅನ್ನೋ ಇನ್ನೊಂದು ಬ್ಯಾಂಡಿಗೂ ಟೀವಿಗೆ ಅಂತ ಒಂದೇ ತರದ ಚೆಕ್ಸ್ ಕೋಟ್ ಹಾಕಿಸಿದರು. ಅದು ಅವರ ಮೈಗೆ ಹೊಂದಲೇ ಇಲ್ಲ. ಸ್ವಲ್ಪ ದಿನದಲ್ಲೇ ಎಸೆದು ಒಬ್ಬೊಬ್ಬರು ಒಂದೊಂದು ತರ ಬಂದರು, ಆಮೇಲೆ ಅದೇ ಅವರ ಗುರುತಾಯಿತು. ಅಂದ್ರೆ ಒಂದೇ ಮದ್ದು ಒಬ್ಬರಿಗೆ ಹಿಡಿಸಿತು, ಇನ್ನೊಬ್ಬರಿಗೆ ಹಿಡಿಸಲಿಲ್ಲ.

ನನಗೆ ಇಷ್ಟವಾದದ್ದು ಬೇರೆ. ಬೀಟಲ್ಸ್‌ನವರದ್ದೇ 1967ರ ಸಾರ್ಜೆಂಟ್ ಪೆಪ್ಪರ್ ಆಲ್ಬಮ್ಮಿನ ಮುಖಪುಟ ತೆಗೆದು ನೋಡಿ. ನಾಲ್ಕೂ ಜನಕ್ಕೆ ಮಿಲಿಟರಿ ಬ್ಯಾಂಡಿನ ತರದ ಸ್ಯಾಟಿನ್ ಡ್ರೆಸ್, ಆದರೆ ಒಬ್ಬರದು ಹಳದಿ, ಒಬ್ಬರದು ಗುಲಾಬಿ, ಒಬ್ಬರದು ನೀಲಿ, ಒಬ್ಬರದು ಕೆಂಪು. ಹೊಲಿಗೆ ಒಂದೇ ಜಾತಿ, ಬಣ್ಣ ಅವರವರದ್ದು. ಐದು ವರ್ಷದ ಹಿಂದಿನ ಸೂಟಲ್ಲಿ ಯಾರು ಯಾರು ಅಂತ ಹುಡುಕಬೇಕು, ಇದರಲ್ಲಿ ಬೇಡ.

ಇನ್ನೊಂದು ದಾರಿಯೂ ಇದೆ, ಎಲ್ಲರೂ ಬೇಡ, ಒಬ್ಬರು ಸಾಕು. ಎಸಿ/ಡಿಸಿ ಬ್ಯಾಂಡಿನಲ್ಲಿ ಆಂಗಸ್ ಯಂಗ್ ಒಬ್ಬನೇ ಸ್ಕೂಲ್ ಹುಡುಗನ ಚಡ್ಡಿ ಕೋಟು ಹಾಕುತ್ತಾನೆ, ಮಿಕ್ಕವರು ಜೀನ್ಸಲ್ಲಿ ಆರಾಮಾಗಿ ನಿಂತಿರುತ್ತಾರೆ. ನಮ್ಮ ಬೆಂಗಳೂರಿನ ಸ್ವರಾತ್ಮ ಬ್ಯಾಂಡ್ ನೋಡಿದ್ದೀರಲ್ಲ? ಅದರಲ್ಲಿ ಹಾಡುವ ವಾಸು ದೀಕ್ಷಿತ್ ಸೊಂಟಕ್ಕೆ ಬೊಂಬೆ ಕುದುರೆ ಕಟ್ಟಿಕೊಂಡು ಕುಣಿಯೋದು ಒಂದು ಸಲ ನೋಡಿದವರು ಮರೆಯಲ್ಲ. ಅವರ ಅಣ್ಣ ರಘು ದೀಕ್ಷಿತ್ ಲುಂಗಿ ಉಟ್ಟು, ಕಾಲಿಗೆ ಗೆಜ್ಜೆ ಕಟ್ಟಿ 2011ರಲ್ಲಿ ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಸಂಗೀತೋತ್ಸವದವರೆಗೂ ಹೋಗಿ ಬಂದರು. ಆ ಗೆಜ್ಜೆ ಸುಮ್ನೆ ತೋರಿಕೆಗೆ ಅಂತ ನನಗೆ ಯಾವತ್ತೂ ಅನ್ನಿಸಿಲ್ಲ, ಅವರು ಭರತನಾಟ್ಯ ಕಲಿತವರು.

ಮೆಟಲ್_ಮಂಜ:

ಕಪ್ಪು ಟೀ ಶರ್ಟ್ ಕೊಳೆ ಕಾಣಲ್ಲ ಅಂತ ಹಾಕೋದು ಗುರು. ಆದ್ರೆ ಸರಿ, ಒಪ್ಪಿದೆ ಅರ್ಧ.

ಲೈಟ್_ಮಾಮ:

ನಾನು ಸ್ಟೇಜ್ ಲೈಟಿಂಗ್ ಕೆಲಸದವನು. ನೀವೆಲ್ಲ ಬಟ್ಟೆ ಬಗ್ಗೆ ಮಾತಾಡುತ್ತಿದ್ದೀರಿ, ಅದರ ಮೇಲೆ ಬೀಳುವ ಬೆಳಕಿನ ಬಗ್ಗೆ ಯಾರೂ ಕೇಳಲಿಲ್ಲ. ಬಟ್ಟೆ ಅಂಗಡಿಯ ಟ್ಯೂಬ್‌ಲೈಟಿನಲ್ಲಿ ಬಣ್ಣ ನೋಡಿ ತಗೊಂಡವರು ನನ್ನ ಸ್ಟೇಜ್ ಮೇಲೆ ಬಂದು ಅತ್ತಿದ್ದಾರೆ. ಕೆಂಪು ಬಟ್ಟೆ ಕೆಂಪು ಬೆಳಕನ್ನ ಮಾತ್ರ ವಾಪಸ್ ಕಳಿಸುತ್ತದೆ. ನಾನು ಎಲ್‌ಇಡಿ ಪಾರ್‌ಗಳನ್ನ, ಅಂದ್ರೆ ಬಣ್ಣ ಬದಲಾಗುವ ಸ್ಟೇಜ್ ಲೈಟುಗಳನ್ನ, ಪೂರ್ತಿ ನೀಲಿ ಮಾಡಿದೆ ಅಂದ್ರೆ ಅದಕ್ಕೆ ವಾಪಸ್ ಕಳಿಸೋಕೆ ಏನೂ ಇರಲ್ಲ, ನಿಮ್ಮ ರಕ್ತಗೆಂಪು ಜುಬ್ಬಾ ಇದ್ದಿಲಿನ ಹಾಗೆ ಕಾಣುತ್ತದೆ. ಒಂದು ಡ್ಯಾನ್ಸ್ ಟೀಮಿನ ಎಂಟು ಮಕ್ಕಳ ಕೆಂಪು ಲಂಗ ಹೀಗೇ ಮಾಯವಾಗಿತ್ತು, ಅವರ ತಾಯಂದಿರು ನನ್ನನ್ನ ಸುತ್ತುವರಿದಿದ್ದರು.

ಕೊಳಲಿನವರಿಗೆ ಹೇಳಿ, ಬಿಳಿ ನನಗೆ ತುಂಬ ಇಷ್ಟ, ಯಾಕಂದ್ರೆ ನಾನು ಹಾಕಿದ ಬಣ್ಣ ಎಲ್ಲ ಅದು ವಾಪಸ್ ಕಳಿಸುತ್ತದೆ. ಆದರೆ ಜನ ಈಗ ಫೋನಿನಲ್ಲಿ ತಾನೇ ನೋಡೋದು. ಏಳು ಜನ ಬೆಳ್ಳಗೆ ಹೊಳೆಯುತ್ತಾ ನಿಂತರೆ ಫೋನಿನ ಕ್ಯಾಮೆರಾ ಬೆಳಕು ಜಾಸ್ತಿ ಆಯ್ತು ಅಂತ ಕಡಿಮೆ ಮಾಡಿಕೊಳ್ಳುತ್ತದೆ, ಬಟ್ಟೆ ಚೆನ್ನಾಗಿ ಬರುತ್ತದೆ, ಮುಖ ಕಪ್ಪಾಗುತ್ತದೆ. ಪೂರ್ತಿ ಕಪ್ಪೂ ಬೇಡ. ಹಿಂದೆ ಕಪ್ಪು ಪರದೆ ಇದ್ದರೆ ತಲೆ ಮತ್ತು ಕೈ ಮಾತ್ರ ಗಾಳಿಯಲ್ಲಿ ತೇಲುತ್ತವೆ. ಸಣ್ಣ ಸಣ್ಣ ಗೆರೆ ಇರುವ ಶರ್ಟ್ ಕ್ಯಾಮೆರಾದಲ್ಲಿ ನೀರಿನ ಅಲೆ ತರ ಕುಣಿಯುತ್ತದೆ.

ಸಾಸಿವೆ ಹಳದಿ, ಇಟ್ಟಿಗೆ ಬಣ್ಣ, ಬಾಟಲ್ ಗ್ರೀನ್, ಕಡು ನೀಲಿ, ಇಂಥ ಮಧ್ಯದ ಬಣ್ಣ ನೋಡಿ. ಹೊಳೆಯದ ಕೈಮಗ್ಗದ ಹತ್ತಿ ಬಟ್ಟೆ ಸ್ಟೇಜಿಗೆ ತುಂಬ ಒಳ್ಳೇದು, ಬೆಳಕು ಅದರ ಮೇಲೆ ಕೂರುತ್ತದೆ, ಜಾರಲ್ಲ. ಹೆಗ್ಗೋಡಿನ ಹತ್ತಿರ ಭೀಮನಕೋಣೆಯಲ್ಲಿ ಚರಕದವರು ನೈಸರ್ಗಿಕ ಬಣ್ಣ ಹಾಕಿ ನೇಯುತ್ತಾರಲ್ಲ, ಆ ತರದ್ದು. ಯಾವುದನ್ನೂ ಪೂರ್ತಿ ಹೊಲಿಸೋಕೆ ಮುಂಚೆ ಅರ್ಧ ಮೀಟರ್ ತುಂಡು ತನ್ನಿ. ಬಣ್ಣ ಬದಲಾಯಿಸುವ ಎಲ್‌ಇಡಿ ಬಲ್ಬ್ ಅಂಗಡಿಯಲ್ಲಿ ಸಿಗುತ್ತದೆ, ರಾತ್ರಿ ಮನೆ ಲೈಟ್ ಎಲ್ಲ ಆರಿಸಿ ಆ ಬಲ್ಬ್ ಹಾಕಿ, ಹದಿನೈದು ಹೆಜ್ಜೆ ದೂರದಿಂದ ಫೋಟೋ ತೆಗೆಯಿರಿ. ಖರ್ಚು ಅಷ್ಟೇ.

ಗಿಟಾರ್_ಮೈಸೂರು:

ಲೈಟ್ ಮಾಮ, ಇದು ತಲೆಗೇ ಹೊಳೆದಿರಲಿಲ್ಲ, ಥ್ಯಾಂಕ್ಸ್. ಖಣ ಹೇಗೆ ಕಾಣಬಹುದು?

ಲೈಟ್_ಮಾಮ:

ಹತ್ತಿರಕ್ಕೆ ಚೆಂದ. ಆ ಸಣ್ಣ ಬುಟ್ಟಾ ಎಲ್ಲ ಮೂರನೇ ಸಾಲಿನ ಆಚೆ ಯಾರಿಗೂ ಕಾಣಲ್ಲ. ಬಣ್ಣ ಮಾತ್ರ ಉಳಿಯುತ್ತದೆ.

ಹುಬ್ಬಳ್ಳಿ_ಹಾಡುಗಾರ್ತಿ:

ಖಣ ಅಂದ ಕೂಡಲೇ ನಾನು ಬಾಯಿ ಹಾಕಲೇಬೇಕು ರೀ. ಖಣ ಮೂಲದಲ್ಲಿ ಕುಪ್ಪಸದ ಬಟ್ಟೆ, ಪನ್ನಾ ಅಂದ್ರೆ ಅಗಲ ಕಡಿಮೆ. ಆರಡಿ ಗಂಡಸಿಗೆ ವೇಸ್ಟ್‌ಕೋಟ್ ಹೊಲಿಯೋಕೆ ಹೋದರೆ ಜೋಡಿಸಬೇಕಾಗುತ್ತದೆ, ಜೋಡಿಸಿದ ಕಡೆ ಬುಟ್ಟಾ ಹೊಂದಲ್ಲ. ಮುಂದಿನ ಎರಡು ಭಾಗ ಮಾತ್ರ ಖಣ ಹಾಕಿ, ಬೆನ್ನಿಗೆ ಸಾದಾ ಬಟ್ಟೆ ಹಾಕಿಸಿ. ದುಡ್ಡೂ ಉಳಿಯುತ್ತದೆ, ಬೆನ್ನಿಗೆ ಗಾಳಿಯೂ ಆಡುತ್ತದೆ.

ಈಗ ನಿಜವಾದ ವಿಷಯ. ನೀವು ಏಳು ಜನರಲ್ಲಿ ಒಬ್ಬಳೇ ಹುಡುಗಿ. ನಾನೂ ಹಾಗೇ ಇದ್ದವಳು, ಒಂದು ಬ್ಯಾಂಡಿನಲ್ಲಿ ಐದು ವರ್ಷ. "ನಮ್ಮದೊಂದು ಲುಕ್ ಇರಬೇಕು" ಅಂತ ಮಾತು ಶುರುವಾಗಿ ಕೊನೆಗೆ ಆದದ್ದೇನು ಅಂದ್ರೆ ಗಂಡಸರು ಜೀನ್ಸ್ ಮೇಲೆ ಒಂದು ಜುಬ್ಬಾ ಏರಿಸಿಕೊಂಡರು, ನನಗೆ ಇಳಕಲ್ ಸೀರೆ, ಮೂಗುತಿ, ತಲೆ ತುಂಬ ಮಲ್ಲಿಗೆ. ಸಂಸ್ಕೃತಿ ಹೊರುವ ಕೆಲಸ ಪೂರ್ತಿ ನನ್ನ ಮೇಲೆ! ಇಳಕಲ್ ಸೀರೆ ನನಗೆ ಜೀವ, ಆ ಕೆಂಪು ಸೆರಗು ನಮ್ಮ ಅವ್ವನ ನೆನಪು. ಆದರೆ ಅದನ್ನ ಉಟ್ಟುಕೊಂಡು ಗಿಟಾರ್ ಹಾಕಿ ನೋಡಿ. ಪಟ್ಟಿ ಹೆಗಲ ಮೇಲೆ ಸೆರಗನ್ನ ಎಳೆಯುತ್ತದೆ, ಪಿನ್ ಹಾಕಿದರೆ ಸೀರೆ ಹರಿಯುತ್ತದೆ. ಕಿವಿಯೊಳಗೆ ಹಾಕುವ ಮಾನಿಟರಿನ ಡಬ್ಬಿ ಇರುತ್ತದಲ್ಲ, ಅದನ್ನ ಸಿಕ್ಕಿಸೋಕೆ ಬೆಲ್ಟೇ ಇಲ್ಲ. ಒಂದು ಸಲ ಅದು ಹಾಡಿನ ಮಧ್ಯೆ ಜಾರಿ ನೆರಿಗೆಯೊಳಗೆ ಇಳಿದು ಹೋಯಿತು, ನಾನು ಎರಡು ಚರಣ ಒಂದೇ ಕಾಲ ಮೇಲೆ ನಿಂತು ಹಾಡಿದೆ. ಜನ ಅದನ್ನ ಭಾವ ಅಂದುಕೊಂಡು ಚಪ್ಪಾಳೆ ತಟ್ಟಿದರು.

ಅದಕ್ಕೆ ಯಾವುದೇ ಬಟ್ಟೆ ಇರಲಿ, ಅವಳನ್ನ ಮೊದಲು ಕೇಳಿ. ಆಮೇಲೆ ಎಲ್ಲರೂ ಅದನ್ನ ಹಾಕಿಕೊಂಡು ವಾದ್ಯ ಹಿಡಿದು ಎರಡು ಗಂಟೆ ಪ್ರಾಕ್ಟೀಸ್ ಮಾಡಿ. ತಬಲಾದವರ ಅಂಗಿ ತೋಳು ಉದ್ದ ಇದ್ದರೆ ಬಾಯಾಂಗೆ, ಅಂದ್ರೆ ಎಡಗೈಯಲ್ಲಿ ಬಾರಿಸುವ ದೊಡ್ಡ ತಬಲಾಕ್ಕೆ, ತಾಗುತ್ತದೆ. ಡ್ರಮ್ಸ್ ಹುಡುಗನನ್ನ ಬೈಯಬೇಡಿ, ಅವನು ಬೆವರುವಷ್ಟು ನೀವು ಯಾರೂ ಬೆವರಲ್ಲ, ಅವನ ಚಡ್ಡಿಗೆ ಕಾರಣ ಇದೆ.

ಮೆಟಲ್_ಮಂಜ:

ಅಕ್ಕಾ, ಕೊನೆಯ ಸಾಲಿಗೆ ನನ್ನ ಕಡೆಯಿಂದ ಕೈ ಮುಗಿದೆ.

ಕುಂದಾಪ್ರದ_ಚಂಡೆ:

ನಮ್ಮ ಕಡೆ ಯಕ್ಷಗಾನದ ಹಿಮ್ಮೇಳ ನೋಡಿ ಮಾರಾಯ್ರೆ. ಭಾಗವತರು, ಮದ್ದಲೆ, ಚಂಡೆ, ಎಲ್ಲರಿಗೂ ಬಿಳಿ ಪಂಚೆ, ಜುಬ್ಬಾ, ತಲೆಗೆ ಕೆಂಪು ಮುಂಡಾಸು. ರಾತ್ರಿ ಪೂರ್ತಿ ಅದೇ. ಎದುರಿಗೆ ಮುಮ್ಮೇಳದವರದ್ದು ಕಣ್ಣು ಕುಕ್ಕುವ ವೇಷ, ಕಿರೀಟ, ಮುಖಕ್ಕೆ ಬಣ್ಣ. ಹಿಂದಿನವರು ಒಂದೇ ತರ ಇರೋದರಿಂದ ಕಣ್ಣು ಅವರ ಮೇಲೆ ನಿಲ್ಲದೆ ಮುಂದಕ್ಕೆ ಹೋಗುತ್ತದೆ, ಕಿವಿ ಮಾತ್ರ ಅವರ ಹತ್ತಿರ ಉಳಿಯುತ್ತದೆ. ಒಂದೇ ತರ ಬಟ್ಟೆ ಅಂದ್ರೆ ಒಂದು ಲೆಕ್ಕದಲ್ಲಿ ಮರೆಯಾಗೋ ಉಪಾಯ. ನಿಮ್ಮ ಬ್ಯಾಂಡಿನಲ್ಲಿ ಮುಮ್ಮೇಳವೇ ಇಲ್ಲ. ಏಳು ಜನವೂ ಮರೆಯಾದರೆ ನೋಡೋದು ಯಾರನ್ನ? ಇದನ್ನ ಯೋಚನೆ ಮಾಡಿ.

ಇನ್ನು ನಿಮ್ಮ ಬೇಸ್ ಗಿಟಾರಿನ ಪುಣ್ಯಾತ್ಮರಿಗೆ ಒಂದು ಮಾತು. ಕಂಸಾಳೆ ವೇಷ ಬಾಡಿಗೆ ಅಂಗಡಿ ಡ್ರೆಸ್ ಅಲ್ಲ. ಪರಂಪರೆಯಿಂದ ಬಂದ ಕಂಸಾಳೆಯವರು ಮಲೆ ಮಹದೇಶ್ವರನ ಹೆಸರಲ್ಲಿ ದೀಕ್ಷೆ ತಗೊಂಡವರು. ಡೊಳ್ಳಿನ ಹಿಂದೆ ಹಾಲುಮತದವರ ಬೀರೇಶ್ವರ ಇದ್ದಾನೆ. ನೀವು ಮೈಸೂರಿನವರು, ಕಂಸಾಳೆ ನಿಮ್ಮ ಪಕ್ಕದ್ದೇ. ಅಷ್ಟು ಇಷ್ಟ ಇದ್ದರೆ ಕಂಸಾಳೆ ಕಲಾವಿದರನ್ನೇ ಒಂದು ಹಾಡಿಗೆ ಕರೆದು ದುಡ್ಡು ಕೊಡಿ. ವೇಷ ನೀವು ಹಾಕಿ, ತಾಳ ಅವರದ್ದು ಸ್ಪೀಕರಿನಲ್ಲಿ ಹಾಕಿದರೆ ನನಗಂತೂ ಹಿಡಿಸಲ್ಲ. ನಾನು ಜಾಸ್ತಿ ಹೇಳಿದೆ ಅನ್ನಿಸಿದರೆ ಬಿಟ್ಟುಬಿಡಿ.

ಬೆಳ್ಳಿತಟ್ಟೆ_ಬೆಂಗಳೂರು:

ಮರೆಯಾಗೋ ಮಾತು ಚೆನ್ನಾಗಿದೆ. ಆದರೆ ಜರ್ಮನಿಯ ಕ್ರಾಫ್ಟ್‌ವರ್ಕ್ 1978ರಲ್ಲಿ ನಾಲ್ಕೂ ಜನ ಕೆಂಪು ಶರ್ಟ್, ಕಪ್ಪು ಟೈ ಹಾಕಿದ್ದು ಬೇಕು ಅಂತಲೇ ಮರೆಯಾಗೋಕೆ. ಅವರ ಹಾಡುಗಳೇ ಯಂತ್ರದ ಬಗ್ಗೆ, ಮನುಷ್ಯರೂ ಯಂತ್ರದ ಹಾಗೆ ಕಾಣಬೇಕಿತ್ತು. ಅಲ್ಲಿ ಸರಿ ಹೋಯಿತು. ಶರೀಫರ ಪದ ಹಾಡುವವರು ಯಂತ್ರದ ಹಾಗೆ ನಿಂತರೆ ಏನು ಚೆಂದ.

ಇನ್ನೊಂದು, ವೇಷ ಒಂದು ಸಲ ಹಿಡಿದುಕೊಂಡರೆ ಬಿಡೋದು ಕಷ್ಟ. ಕಿಸ್ ಬ್ಯಾಂಡಿನವರು 1983ರಲ್ಲಿ ಮುಖದ ಬಣ್ಣ ಒರೆಸಿಕೊಂಡರು, 1996ರಲ್ಲಿ ಹಳೇ ಸದಸ್ಯರು ಒಟ್ಟಾದಾಗ ಮತ್ತೆ ಬಳಿದುಕೊಂಡೇ ಬಂದರು. ಹಾಗಾಗಿ ಬದಲಾಯಿಸೋಕೆ ಜಾಗ ಇರುವಂಥದ್ದನ್ನ ಹಿಡಿಯಿರಿ, ಒಂದು ಬಣ್ಣ, ಒಂದು ಬಟ್ಟೆ, ಅಷ್ಟು.

ಗಿಟಾರ್_ಮೈಸೂರು:

ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ರಾತ್ರಿ ನಮ್ಮ ಮನೆ ತಾರಸಿ ಮೇಲೆ ಬಲ್ಬ್ ಪರೀಕ್ಷೆ ಮಾಡಿದೆವು. ಖಣದ ತುಂಡು ಎರಡು, ಕೊಳಲಿನವನ ಬಿಳಿ ಜುಬ್ಬಾ, ಕಡು ನೀಲಿ ಕೈಮಗ್ಗದ ಬಟ್ಟೆ, ಸಾಸಿವೆ ಬಣ್ಣದ್ದು ಒಂದು. ಹಗ್ಗಕ್ಕೆ ಸಾಲಾಗಿ ಕ್ಲಿಪ್ ಹಾಕಿ ನೇತುಹಾಕಿದ್ದೆವು, ಪಕ್ಕದ ಮನೆ ಆಂಟಿ ಹೊರಗೆ ಬಂದು ಏನು ಮಾಟ ಮಾಡಿಸ್ತಾ ಇದ್ದೀರಾ ಅಂತ ಕೇಳಿದರು. ಕೆಂಪು ಖಣ ನೀಲಿ ಬೆಳಕಲ್ಲಿ ನಿಜವಾಗಲೂ ಸತ್ತೇ ಹೋಯಿತು. ಹಾಡುವ ಹುಡುಗಿಗೆ ಸ್ವಲ್ಪ ಬೇಜಾರಾಯಿತು, ಆದರೆ ಫೋಟೋ ನೋಡಿ ಅವಳೇ ಬೇಡ ಅಂದಳು. ಸಾಸಿವೆ ಎಲ್ಲ ಬೆಳಕಲ್ಲೂ ಏನಾದರೊಂದು ಆಗಿ ಉಳಿಯಿತು.

ಸದ್ಯಕ್ಕೆ ಆಗಿರೋದು ಇಷ್ಟು. ಸಾಸಿವೆ ಮತ್ತು ಕಡು ನೀಲಿ, ಎರಡೇ ಬಣ್ಣ, ಬಟ್ಟೆ ಒಂದೇ ಕೈಮಗ್ಗದ್ದು. ಹೊಲಿಗೆ ಅವರವರ ಇಷ್ಟ. ಕೊಳಲಿನವನಿಗೆ ಜುಬ್ಬಾ, ಕೀಬೋರ್ಡಿನವನಿಗೆ ಶರ್ಟು, ಹಾಡುವ ಹುಡುಗಿ ಜೇಬಿರುವ ಉದ್ದ ಕುರ್ತಾ ಮತ್ತು ಖಣದ ಅಂಚು ಕೇಳಿದಳು, ನಾವು ಅಂಚು ಎಲ್ಲರಿಗೂ ಇರಲಿ ಅಂದೆವು, ಕಾಣದಿದ್ದರೂ ಪರವಾಗಿಲ್ಲ. ಡ್ರಮ್ಸ್‌ನವನು ತೋಳಿಲ್ಲದ ಬನಿಯನ್ ತರದ್ದನ್ನ ಸಾಸಿವೆ ಬಣ್ಣದಲ್ಲಿ ಒಪ್ಪಿಕೊಂಡ, ಚಡ್ಡಿ ಮಾತ್ರ ಬಿಡಲ್ಲವಂತೆ, ಡ್ರಮ್ಸ್ ಹಿಂದೆ ಯಾರಿಗೆ ಕಾಣುತ್ತೆ ಅಂದ. ಬೇಸ್‌ನವನು ಇನ್ನೂ ಮುನಿಸಿಕೊಂಡಿದ್ದಾನೆ, ಚಂಡೆಯವರ ಮಾತು ಓದಿಸಿದ ಮೇಲೆ ಸುಮ್ಮನಾದ. ಹೊಲಿಗೆ ಕಡಿಮೆಯಾಗಿ ಒಟ್ಟು 11,000ಕ್ಕೆ ಮುಗಿಯುವ ಹಾಗಿದೆ. ಐಡಿ ಕಾರ್ಡ್ ಕಿತ್ತುಕೊಳ್ಳುವ ಜವಾಬ್ದಾರಿ ಖಂಜಿರದವನಿಗೆ ಕೊಟ್ಟಿದ್ದೇವೆ. ಮೊದಲ ಪ್ರೋಗ್ರಾಂ ಒಂದು ರಿಸೆಪ್ಷನ್, ಮುಂದಿನ ಭಾನುವಾರ.

ಹಳೇ_ರಸಮಂಜರಿ:

ರಿಸೆಪ್ಷನ್ನಾ? ಶನಿವಾರವೇ ಮಂಟಪಕ್ಕೆ ಫೋನ್ ಮಾಡಿ ಬಡಿಸೋ ಹುಡುಗರ ಬಟ್ಟೆ ಯಾವ ಬಣ್ಣ ಅಂತ ಕೇಳಿಕೋ ತಮ್ಮಾ.